ಭಾರ ಹೊತ್ತು ಬಸ್ಕಿ ಹೊಡೆದರೆ ಮೊಣಕಾಲು ಸವೆಯುತ್ತದೆಯೇ? ‘ಶಾಂತಲಾ’ ಬರೆದ ಕೆ.ವಿ. ಅಯ್ಯರ್ ಅವರ ಇನ್ನೊಂದು ಬದುಕು

ಬಸ್ಕಿ ಹೊಡೆದರೆ ಮೊಣಕಾಲ ಚಿಪ್ಪು ಸವೆಯುತ್ತದೆ. ಹೆಗಲ ಮೇಲೆ ಭಾರ ಇಟ್ಟುಕೊಂಡು ಕೂತೆದ್ದರೆ ನಲವತ್ತಕ್ಕೇ ಕೋಲು ಹಿಡಿಯಬೇಕಾಗುತ್ತದೆ. ಮೀಸೆ ಮೂಡುವ ಮೊದಲೇ ಕಬ್ಬಿಣ ಎತ್ತಿದ ಹುಡುಗ ಕುಳ್ಳನಾಗಿ ಉಳಿಯುತ್ತಾನೆ. ಮೈ ಬೆಳೆಸಿದವನ ತಲೆ ಬೆಳೆಯುವುದಿಲ್ಲ. ಈ ನಾಲ್ಕು ಮಾತುಗಳಲ್ಲಿ ಒಂದಾದರೂ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿರುತ್ತದೆ. ಅದೇ ಗ್ರೂಪಿಗೆ ಮರುದಿನ ಪೂರ್ತಿ ಉಲ್ಟಾ ಸಂದೇಶವೂ ಬರುತ್ತದೆ: ಹಿಂದಿನ ಪೈಲ್ವಾನರು ದಿನಕ್ಕೆ ಐದು ಸಾವಿರ ಬೈಠಕ್ ಹೊಡೆಯುತ್ತಿದ್ದರು, ಸಾವಿರ ಕೆ.ಜಿ. ಕಲ್ಲು ಎತ್ತುತ್ತಿದ್ದರು, ಈಗಿನ ಹುಡುಗರಿಗೆ ಏನಾಗಿದೆ?

ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ ಇದು ಬರೀ ಜಿಮ್ಮಿನ ಮಾತಲ್ಲ. ನಮ್ಮ ಭಾಗದ ಜಾತ್ರೆಗಳಲ್ಲಿ ಕುಸ್ತಿಯ ಜೊತೆಗೆ ಗುಂಡು ಎತ್ತುವ, ಸಂಗ್ರಾಣಿ ಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯಗಳು ಇರುತ್ತವೆ. ಮಾರುಕಟ್ಟೆಯಲ್ಲಿ ತೊಗರಿ, ಭತ್ತದ ಚೀಲಗಳು ಹಮಾಲರ ಬೆನ್ನ ಮೇಲೆಯೇ ಲಾರಿ ಹತ್ತುತ್ತವೆ. ಈಗ ತಾಲ್ಲೂಕು ಕೇಂದ್ರಗಳಲ್ಲೂ ಜಿಮ್ ಇವೆ, ಹುಡುಗರು ಅಲ್ಲಿ ಬಾರ್ಬೆಲ್ ಹೊತ್ತು ಸ್ಕ್ವಾಟ್ ಮಾಡುತ್ತಾರೆ. ಗರಡಿಯ ಪೈಲ್ವಾನ, ಹಮಾಲ, ಜಿಮ್ಮಿನ ಹುಡುಗ ಮೂವರೂ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ: ಕಾಲು ಮಡಚಿ ತಗ್ಗುವುದು, ಭಾರದೊಡನೆ ಏಳುವುದು. ಫಾರ್ವರ್ಡ್ ನಂಬಿ ಒಬ್ಬ ಹೆದರಿ ಕೂರುತ್ತಾನೆ, ರೀಲ್ಸ್ ನಂಬಿ ಇನ್ನೊಬ್ಬ ಮೊದಲ ವಾರವೇ ನೂರು ಕೆ.ಜಿ. ಹೇರಿಕೊಳ್ಳುತ್ತಾನೆ. ಹಮಾಲನ ಟೊಂಕ ಹಿಡಿದುಕೊಂಡರಂತೂ ಅವತ್ತಿನ ಕೂಲಿಯೇ ಹೋಯಿತು.

ಹಾಗಾಗಿ ಈ ಸಲ ನಾವು ಒಂದು ಜೀವನಕಥೆಯನ್ನು ಹಿಡಿದು ಈ ಫಾರ್ವರ್ಡ್‌ಗಳನ್ನು ಪರಿಶೀಲಿಸುತ್ತಿದ್ದೇವೆ. ನೂರು ವರ್ಷದ ಹಿಂದೆ, ಯಾದಗಿರಿ ಇನ್ನೂ ನಿಜಾಮರ ಆಡಳಿತದಲ್ಲಿದ್ದಾಗ, ಅತ್ತ ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಮೈ ಬೆಳೆಸುವುದನ್ನೇ ಒಂದು ವಿದ್ಯೆಯಾಗಿ ಕಲಿಸಿದವರ ಕಥೆ ಇದು. ಹೆಸರು ನಿಮಗೆ ಗೊತ್ತಿರಬಹುದು, ಆದರೆ ಬೇರೆ ಕಾರಣಕ್ಕೆ. ಹೊಯ್ಸಳ ರಾಣಿಯ ಕಥೆ ಹೇಳುವ ‘ಶಾಂತಲಾ’, ಇಟಲಿಯ ಚಿತ್ರಕಾರನ ಕಥೆ ಹೇಳುವ ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್.

ಕೋಲಾರದ ವೆಂಕಟೇಶ ಅಯ್ಯರ್

ಕೆ.ವಿ. ಎಂದರೆ ಕೋಲಾರ ವೆಂಕಟೇಶ. ಹತ್ತೊಂಬತ್ತನೆಯ ಶತಮಾನ ಮುಗಿಯಲು ಎರಡು-ಮೂರು ವರ್ಷ ಇರುವಾಗ ಹುಟ್ಟಿದವರು. ಅವರು ಬೆಳೆಯುವ ಹೊತ್ತಿಗೆ ಜಗತ್ತಿನ ತುಂಬ ಒಂದು ಹೆಸರು ಓಡಾಡುತ್ತಿತ್ತು: ಯೂಜೆನ್ ಸ್ಯಾಂಡೋ. ಗ್ರೀಕ್ ಶಿಲ್ಪದ ಹಾಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ, ಅಂಚೆ ಮೂಲಕ ವ್ಯಾಯಾಮ ಕಲಿಸುತ್ತಿದ್ದ ಈ ಜರ್ಮನ್ ಮೂಲದ ಕಟ್ಟಾಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟಿದ್ದ. ನಮ್ಮಲ್ಲಿ ಆಗ ಗರಡಿಗಳಿದ್ದವು. ಸಾಮು, ದಂಡ, ಬಸ್ಕಿ, ಗದೆ ಎಲ್ಲವೂ ಇದ್ದವು. ಸ್ಯಾಂಡೋ ತಂದದ್ದು ಕನ್ನಡಿಯನ್ನು ಮತ್ತು ಅಳತೆಯ ಟೇಪನ್ನು. ಕುಸ್ತಿ ಗೆಲ್ಲಲು ಮೈ ಬೆಳೆಸುವುದು ಗರಡಿಯ ರೀತಿ. ಮೈಯನ್ನೇ ಒಂದು ಶಿಲ್ಪದಂತೆ ಕಡೆಯುವುದು ಈ ಹೊಸ ರೀತಿ.

ಅಯ್ಯರ್ ಈ ಎರಡನ್ನೂ ಬಿಡಲಿಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ಎಂಬ ವ್ಯಾಯಾಮಶಾಲೆ ನಡೆಸಿದರು. ಅದರ ಜೊತೆಗೇ ಅಂಚೆ ಶಿಕ್ಷಣದ ಶಾಲೆ. ಇಂದು ನಾವು ಆನ್‌ಲೈನ್ ಕೋಚಿಂಗ್ ಎನ್ನುವುದು ಆಗ ಪೋಸ್ಟ್‌ಮ್ಯಾನ್ ಚೀಲದಲ್ಲಿ ಬರುತ್ತಿತ್ತು. ಪುಸ್ತಕಗಳನ್ನು ಬರೆದರು, ಇಂಗ್ಲಿಷಿನಲ್ಲಿ: 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯನಮಸ್ಕಾರ್’. ಅವರ ಫೋಟೊಗಳು ಹೊರದೇಶದ ವ್ಯಾಯಾಮ ಪತ್ರಿಕೆಗಳಲ್ಲಿ ಅಚ್ಚಾದವು. ಲಂಗೋಟಿ ತೊಟ್ಟು, ಬೆಳಕು ಒಂದು ಪಕ್ಕದಿಂದ ಬೀಳುವಂತೆ ನಿಂತ ಆ ಚಿತ್ರಗಳನ್ನು ಇಂದು ನೋಡಿದರೂ ಇವರೇ ‘ಶಾಂತಲಾ’ ಬರೆದವರು ಎಂದು ನಂಬುವುದು ಸ್ವಲ್ಪ ಕಷ್ಟ.

ನಮಗೆ ಮುಖ್ಯ ಎನಿಸುವುದು ಇನ್ನೊಂದು. ತಮ್ಮ ದೇಹ ಹೀಗಾಗಲು ಡಂಬೆಲ್, ಬಾರ್ಬೆಲ್, ಸ್ಪ್ರಿಂಗುಗಳಿಗಿಂತ ಹಠಯೋಗದ ಪಾಲು ದೊಡ್ಡದು ಎಂದು ಅಯ್ಯರ್ ‘ಮಸಲ್ ಕಲ್ಟ್’ನಲ್ಲಿ ಬರೆದರು. ಭಾರ ಎತ್ತುವವರ ಮೈ ಮರಗಟ್ಟುತ್ತದೆ, ಬಗ್ಗುವುದಿಲ್ಲ ಎಂಬ ನಂಬಿಕೆ ಆ ಕಾಲದಲ್ಲಿ ಯುರೋಪು, ಅಮೆರಿಕದಲ್ಲೂ ಗಟ್ಟಿಯಾಗಿತ್ತು. ಅಯ್ಯರ್ ಅದಕ್ಕೆ ಉತ್ತರವಾಗಿ ಎರಡನ್ನೂ ಒಂದೇ ವೇದಿಕೆಗೆ ತಂದರು. ಅವರ ಒಡನಾಡಿ ಸೀತಾರಾಮ ಸುಂದರಂ ಆಸನಗಳನ್ನು ಮಾಡಿ ತೋರಿಸುತ್ತಿದ್ದರು, ಅಯ್ಯರ್ ಒಂದೊಂದೇ ಸ್ನಾಯುವನ್ನು ಬಿಗಿದು ಬಿಟ್ಟು ತೋರಿಸುತ್ತಿದ್ದರು. ಭಾರ ಎತ್ತಿದರೆ ಮೈ ಬಗ್ಗುವುದಿಲ್ಲ ಎಂಬ ಮಾತಿಗೆ ಇಂದಿನ ಅಧ್ಯಯನಗಳೂ ಪುರಾವೆ ಕೊಡುವುದಿಲ್ಲ. ಕೀಲು ಎಷ್ಟು ಚಲಿಸಬಲ್ಲದೋ ಅಷ್ಟೂ ಚಲಿಸುವಂತೆ ಭಾರ ಎತ್ತಿದರೆ ಮೈಯ ಬಾಗು ಹೆಚ್ಚುತ್ತದೆ. ಅರ್ಧಕ್ಕೆ ನಿಲ್ಲಿಸುವ ಸ್ಕ್ವಾಟ್‌ಗೂ ಪೂರ್ತಿ ತಗ್ಗುವ ಸ್ಕ್ವಾಟ್‌ಗೂ ಇರುವ ವ್ಯತ್ಯಾಸಗಳಲ್ಲಿ ಇದೂ ಒಂದು.

ಬಸ್ಕಿ ಬದಲಾದ ಕಾಲ

ಅಯ್ಯರ್ ಯುವಕರಾಗಿದ್ದಾಗ ಬಸ್ಕಿ ಎಂದರೆ ಗರಡಿಯ ಬಸ್ಕಿ. ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ, ಮೈಭಾರ ಪಾದದ ಮುಂಭಾಗಕ್ಕೆ ಬರುತ್ತದೆ, ಕೈಗಳು ತೂಗುತ್ತವೆ. ಮೈಯ ಭಾರವಷ್ಟೇ, ಸಂಖ್ಯೆ ಮಾತ್ರ ನೂರಾರು. ಪಶ್ಚಿಮದಲ್ಲೂ ಆಗ ಹೆಚ್ಚಿನವರು ತುದಿಗಾಲ ಮೇಲೆಯೇ, ಹಗುರ ಭಾರ ಹಿಡಿದು ಬಗ್ಗಿ ಏಳುತ್ತಿದ್ದರು. ಭಾರಿ ತೂಕವನ್ನು ಹೆಗಲಿಗೆ ಏರಿಸಿಕೊಡುವ ಸ್ಟ್ಯಾಂಡ್ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. 1921ರಲ್ಲಿ ಅಮೆರಿಕಕ್ಕೆ ಬಂದ ಹೆನ್ರಿ ಸ್ಟೈನ್‌ಬಾರ್ನ್ ಎಂಬ ಜರ್ಮನ್ ಬಲಶಾಲಿ ಬಾರ್ಬೆಲನ್ನು ಒಂದು ತುದಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಕೆಳಗೆ ತೂರಿಕೊಂಡು, ಹೆಗಲ ಮೇಲೆ ಉರುಳಿಸಿಕೊಂಡು, ಪೂರ್ತಿ ಪಾದ ನೆಲಕ್ಕೂರಿ 200 ಕೆ.ಜಿ.ಗೂ ಹೆಚ್ಚು ಭಾರದೊಡನೆ ಕೂತು ಎದ್ದ. ಇಂದಿನ ಬಾರ್ಬೆಲ್ ಸ್ಕ್ವಾಟ್ ಬೆಳೆದದ್ದು ಈ ದಾರಿಯಲ್ಲಿ.

ಅಂದರೆ ಬಸ್ಕಿ ಬೇರೆ, ಭಾರದ ಸ್ಕ್ವಾಟ್ ಬೇರೆ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಏಳುವುದು ತಪ್ಪಲ್ಲ, ಅದರ ರೀತಿಯೇ ಹಾಗೆ. ಆದರೆ ಹೆಗಲ ಮೇಲೆ 60 ಕೆ.ಜಿ. ಇರುವಾಗ ಅದೇ ಅಭ್ಯಾಸದಿಂದ ಹಿಮ್ಮಡಿ ಎತ್ತಿದರೆ ಸಮತೋಲ ಹೋಗುತ್ತದೆ. ಗರಡಿಯಿಂದ ಜಿಮ್ಮಿಗೆ ಬರುವ ಹುಡುಗರು ಮೊದಲು ಎಡವುವುದು ಇಲ್ಲೇ.

ಹಾಗಾದರೆ ಮೊಣಕಾಲು ಸವೆಯುತ್ತದೆ ಎಂಬ ಮಾತು ಎಲ್ಲಿಂದ ಬಂತು? ಅದಕ್ಕೊಂದು ದಿನಾಂಕವೇ ಇದೆ ಎನ್ನಬಹುದು. 1961ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್, ಭಾರ ಎತ್ತುವವರ ಮೊಣಕಾಲನ್ನು ತಾವೇ ರೂಪಿಸಿದ ಸಾಧನದಿಂದ ಪರೀಕ್ಷಿಸಿ, ಪೂರ್ತಿ ತಗ್ಗುವ ಸ್ಕ್ವಾಟ್‌ನಿಂದ ಕೀಲನ್ನು ಹಿಡಿದಿಡುವ ಕಟ್ಟುನಾರುಗಳು, ಅಂದರೆ ಲಿಗಮೆಂಟ್‌ಗಳು, ಸಡಿಲವಾಗುತ್ತವೆ ಎಂದು ಪ್ರಕಟಿಸಿದರು. ಸುದ್ದಿ ಹಬ್ಬಿತು. ಶಾಲೆ, ಸೇನೆಯ ತರಬೇತುದಾರರು ಪೂರ್ತಿ ಸ್ಕ್ವಾಟ್ ಕೈಬಿಡತೊಡಗಿದರು. ಆಮೇಲೆ ಬೇರೆಯವರು ಅಳೆದಾಗ ಆ ಸಡಿಲಿಕೆ ಕಾಣಲಿಲ್ಲ. ತಿದ್ದುಪಡಿ ಮಾತ್ರ ಮೂಲ ಸುದ್ದಿಯಷ್ಟು ದೂರ ಹೋಗಲಿಲ್ಲ. ವಾಟ್ಸಾಪ್ ಹುಟ್ಟುವ ಮೊದಲೂ ಫಾರ್ವರ್ಡ್‌ಗಳ ಜಾತಕ ಹೀಗೇ ಇತ್ತು.

ಸವೆತ ಎಂಬ ಪದವೇ ದಾರಿ ತಪ್ಪಿಸುತ್ತದೆ. ಮೊಣಕಾಲಿನ ಮೃದ್ವಸ್ಥಿ ಎತ್ತಿನ ಗಾಡಿಯ ಕೀಲೆಣ್ಣೆಯಂತೆ ಖರ್ಚಾಗುವ ವಸ್ತುವಲ್ಲ, ಜೀವಂತ ಅಂಗಾಂಶ. ಅದರೊಳಗೆ ರಕ್ತನಾಳಗಳಿಲ್ಲ. ಒತ್ತಡ ಬಿದ್ದು ಬಿಟ್ಟಾಗ ಸ್ಪಂಜಿನಂತೆ ಕೀಲಿನ ದ್ರವವನ್ನು ಹೀರಿ ಬಿಟ್ಟು ಅದು ಪೋಷಣೆ ಪಡೆಯುತ್ತದೆ. ಆರೋಗ್ಯವಂತ ಕೀಲಿಗೆ ಹಂತಹಂತವಾಗಿ ಹೆಚ್ಚುವ ಭಾರ ಶತ್ರುವಲ್ಲ. ಹೀಗೆಂದು ಪೂರ್ತಿ ಆಚೆ ಬದಿಗೂ ವಾಲಬೇಡಿ. ವರ್ಷಾನುಗಟ್ಟಲೆ ದಿನವಿಡೀ ಕುಕ್ಕರಗಾಲಲ್ಲಿ ಕೂತು, ಮೊಣಕಾಲೂರಿ, ಜೊತೆಗೆ ಭಾರ ಹೊರುವ ಕೆಲಸ ಮಾಡುವವರಲ್ಲಿ ಮೊಣಕಾಲಿನ ಸಂಧಿವಾತ ಹೆಚ್ಚು ಎಂಬುದು ನಿಜ. ವಾರಕ್ಕೆ ಮೂರು ದಿನ ಅರ್ಧ ಗಂಟೆ ಸ್ಕ್ವಾಟ್ ಮಾಡುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಫಾರ್ವರ್ಡ್ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ಹೆಚ್ಚು ಹರಡಿರುವ ಇನ್ನೊಂದು ನಿಯಮ: ಮೊಣಕಾಲು ಕಾಲ್ಬೆರಳ ತುದಿ ದಾಟಬಾರದು. 2003ರ ಒಂದು ಪ್ರಯೋಗದಲ್ಲಿ ಮುಂದೆ ಹಲಗೆ ಅಡ್ಡವಿಟ್ಟು ಮೊಣಕಾಲು ಮುಂದೆ ಹೋಗದಂತೆ ತಡೆದು ಸ್ಕ್ವಾಟ್ ಮಾಡಿಸಿದರು. ಮೊಣಕಾಲಿನ ಮೇಲಿನ ತಿರುಚುಬಲ ಸುಮಾರು ಐದನೇ ಒಂದು ಭಾಗ ಇಳಿಯಿತು. ಆದರೆ ಸೊಂಟದ ಕೀಲಿನ ಮೇಲಿನ ಬಲ ಹತ್ತು ಪಟ್ಟು ಏರಿತು. ಮೊಣಕಾಲು ಮುಂದೆ ಹೋಗದಿರಬೇಕಾದರೆ ಮೈ ಮುಂದಕ್ಕೆ ಬಾಗಲೇಬೇಕು. ಮೊಣಕಾಲಿನ ಹೊರೆಯನ್ನು ತೆಗೆದು ಟೊಂಕದ ಕಡೆಗೆ ದಾಟಿಸಿದಂತಾಯಿತು. ಉದ್ದ ತೊಡೆಯವರಿಗೆ ಮೊಣಕಾಲು ಬೆರಳು ದಾಟದೆ ಪೂರ್ತಿ ತಗ್ಗುವುದೇ ಆಗುವುದಿಲ್ಲ. ಮೊಣಕಾಲು ಎಷ್ಟು ಮುಂದೆ ಹೋಯಿತು ಎನ್ನುವುದಕ್ಕಿಂತ ಒಳಕ್ಕೆ ಕುಸಿಯುತ್ತಿದೆಯೇ ಎಂದು ನೋಡಿ.

ಸರಿಯಾದ ರೀತಿ ಅಂದರೆ ಹೇಗೆ? ಪಾದಗಳು ಹೆಗಲಿನಷ್ಟು ಅಗಲ, ಬೆರಳುಗಳು ಸ್ವಲ್ಪ ಹೊರಗೆ. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಮೂರೂ ನೆಲ ಬಿಡಬಾರದು. ಮೂಗಿನಿಂದ ಉಸಿರು ತುಂಬಿ, ಯಾರೋ ಹೊಟ್ಟೆಗೆ ಗುದ್ದಲು ಬಂದಂತೆ ಹೊಟ್ಟೆ ಬಿಗಿಹಿಡಿಯಿರಿ. ಆಮೇಲೆ ಸೊಂಟ ಮತ್ತು ಮೊಣಕಾಲು ಒಟ್ಟಿಗೆ ಮಡಚಲಿ, ಮೊಣಕಾಲು ಬೆರಳುಗಳ ದಿಕ್ಕಿಗೇ ಹೋಗಲಿ. ಬೆನ್ನು ನೇರವಾಗಿರಲಿ ಎಂದರೆ ಕಂಬದಂತೆ ಸೆಟೆದಿರಲಿ ಎಂದಲ್ಲ. ಮೈ ಮುಂದಕ್ಕೆ ವಾಲುತ್ತದೆ, ವಾಲಬೇಕು ಕೂಡ. ನಿಂತಾಗ ಬೆನ್ನಿಗೆ ಇದ್ದ ಆಕಾರ ತಗ್ಗಿದಾಗಲೂ ಉಳಿದರೆ ಸಾಕು. ಗೆಳೆಯರಿಂದ ಪಕ್ಕದಿಂದ ಒಂದು ವಿಡಿಯೊ ಮಾಡಿಸಿ. ಬಾರ್ಬೆಲ್ ಪಾದದ ನಡುಭಾಗದ ಮೇಲೆಯೇ ನೇರ ಇಳಿದು ನೇರ ಏರಬೇಕು. ತಳದಲ್ಲಿ ಟೊಂಕ ಒಳಗೆ ಸುರುಟಿಕೊಳ್ಳಲು ಶುರುವಾದರೆ ಅಲ್ಲಿಗೆ ನಿಮ್ಮ ಇಂದಿನ ಆಳ ಮುಗಿಯಿತು. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಬಿಗಿಯಾದ ಕಣಕಾಲು ಅಥವಾ ಸೊಂಟದ ಕೀಲು. ಕೊನೆಯ ಎಣಿಕೆ ಮೊದಲ ಎಣಿಕೆಯಂತೆಯೇ ಕಾಣುವವರೆಗೆ ತೂಕ ಹೆಚ್ಚಿಸಬೇಡಿ. ಆಮೇಲೆ ಒಂದು ಸಲಕ್ಕೆ ಎರಡೂವರೆ ಕೆ.ಜಿ., ಹೆಚ್ಚೆಂದರೆ ಐದು. ಅಡ್ಡ ಸರಳುಗಳಿರುವ ಸ್ಟ್ಯಾಂಡ್ ಒಳಗೇ ಮಾಡಿ. ಬಿಪಿ ಇರುವವರು, ಹೃದಯದ ತೊಂದರೆ ಇರುವವರು ಉಸಿರು ಕಟ್ಟಿ ಎತ್ತಬಾರದು. ಆ ಕ್ಷಣಕ್ಕೆ ರಕ್ತದೊತ್ತಡ ತೀರಾ ಮೇಲೇರುತ್ತದೆ. ಅಂಥವರು ಮೊದಲು ವೈದ್ಯರನ್ನು ಕೇಳಲೇಬೇಕು.

ಐದು ಸಾವಿರ ಬೈಠಕ್‌ನ ಫಾರ್ವರ್ಡ್‌ಗೆ ಬರೋಣ. ಅದು ಸಾಮಾನ್ಯವಾಗಿ ಗಾಮಾ ಪೈಲ್ವಾನರ ಹೆಸರಲ್ಲಿ ಬರುತ್ತದೆ, ಬರೋಡಾದಲ್ಲಿ 1200 ಕೆ.ಜಿ. ಕಲ್ಲು ಎತ್ತಿದರು ಎಂಬುದರ ಜೊತೆಗೆ. ಗಾಮಾ ದೊಡ್ಡ ಕುಸ್ತಿಪಟು, ಅದರಲ್ಲಿ ಎರಡು ಮಾತಿಲ್ಲ. ಆದರೆ 2020ರಲ್ಲಿ ಐಸ್‌ಲ್ಯಾಂಡಿನ ದೈತ್ಯ ಹಾಫ್ಥೋರ್ ಬ್ಯೋರ್ನ್ಸನ್ ನೆಲದಿಂದ ತೊಡೆಯವರೆಗೆ 501 ಕೆ.ಜಿ. ಎತ್ತಿದ್ದು ವಿಶ್ವದ ಸುದ್ದಿಯಾಯಿತು. ಅದರ ಎರಡು ಪಟ್ಟಿಗೂ ಹೆಚ್ಚಿನ ಭಾರವನ್ನು ಮನುಷ್ಯ ಎದೆಗೆತ್ತಿ ನಡೆದ ಎಂಬುದನ್ನು ನಾವು ನಂಬುವುದಿಲ್ಲ. ಇಂಥ ಸಂಖ್ಯೆಗಳನ್ನು ಹುಡುಗರು ಸವಾಲಾಗಿ ತೆಗೆದುಕೊಂಡಾಗ ನಿಜವಾದ ಅಪಾಯ ಶುರು. ಅಭ್ಯಾಸವಿಲ್ಲದವರು ಒಂದೇ ಸಲಕ್ಕೆ ನೂರಾರು ಬಸ್ಕಿ ಹೊಡೆದರೆ, ಅದು ಪಂದ್ಯವಾಗಲಿ, ರ‍್ಯಾಗಿಂಗ್ ಆಗಲಿ, ಶಾಲೆಯ ಶಿಕ್ಷೆಯಾಗಲಿ, ತೊಡೆಯ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಏಟಾಗಬಹುದು. ವೈದ್ಯರು ಇದನ್ನು ರ‍್ಯಾಬ್ಡೊಮಯೊಲೈಸಿಸ್ ಎನ್ನುತ್ತಾರೆ. ತೊಡೆ ಊದಿ ಕಲ್ಲಾಗಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಿವಿ ಹಿಡಿದು ಬಸ್ಕಿ ಹೊಡೆದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಶಿಕ್ಷೆಯನ್ನು ಸಮರ್ಥಿಸುವ ಫಾರ್ವರ್ಡ್ ಕೂಡ ಇದೆ. ಅದನ್ನು ಮುಂದಕ್ಕೆ ಕಳಿಸುವ ಮೊದಲು ಈ ಮೂತ್ರದ ಬಣ್ಣವನ್ನು ನೆನಪಿಸಿಕೊಳ್ಳಿ.

ಮಹಾರಾಜ, ಬ್ಯಾಂಕಿನ ಅಧ್ಯಕ್ಷ, ನಾಟಕದ ಗೆಳೆಯರು

ಅಯ್ಯರ್ ಅವರ ಬಳಿ ಬಂದವರೆಲ್ಲ ಪೈಲ್ವಾನರಾಗಲು ಬಂದವರಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಪಾರ್ಶ್ವವಾಯು ಆದಾಗ ಚೇತರಿಕೆಯ ವ್ಯಾಯಾಮಕ್ಕೆ ನೆರವಾದವರು ಅಯ್ಯರ್. ಅವರ ವ್ಯಾಯಾಮಶಾಲೆಗೆ ಮಹಾರಾಜರ ಬೆಂಬಲ ಸಿಕ್ಕಿತು. ಆ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆಯೂ ನಡೆಯುತ್ತಿತ್ತು. ಒಂದೇ ರಾಜ್ಯ, ಒಂದೇ ಪೋಷಕ, ಯೋಗ ಮತ್ತು ಕಬ್ಬಿಣ ಎರಡೂ. ವ್ಯಾಯಾಮದಿಂದ ಪಾರ್ಶ್ವವಾಯು ವಾಸಿಯಾಗುತ್ತದೆ ಎಂದು ಇದನ್ನು ಓದಬೇಡಿ. ಪಾರ್ಶ್ವವಾಯುವಿನ ಲಕ್ಷಣ ಕಂಡರೆ ಮೊದಲ ಕೆಲವು ಗಂಟೆಗಳಲ್ಲಿ ಆಸ್ಪತ್ರೆ ಸೇರುವುದೇ ಚಿಕಿತ್ಸೆ. ಕಳೆದುಹೋದ ಬಲವನ್ನು ತಿರುಗಿ ಕಟ್ಟುವುದು ಆಮೇಲಿನ ಕೆಲಸ, ಅಲ್ಲಿ ಇಂದಿನ ಫಿಸಿಯೋಥೆರಪಿಸ್ಟರೂ ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಿಸುತ್ತಾರೆ. ಅದೂ ಸ್ಕ್ವಾಟೇ. ಅರವತ್ತು ದಾಟಿದ ನಿಮ್ಮ ತಾಯಿಯೋ ತಂದೆಯೋ ಮೊಣಕಾಲು ನೋವೆಂದು ಏಳುವುದನ್ನೇ ಕಡಿಮೆ ಮಾಡಿದ್ದರೆ ತೊಡೆಯ ಸ್ನಾಯು ಇನ್ನಷ್ಟು ಸೊರಗುತ್ತದೆ, ನೋವು ಇನ್ನಷ್ಟು ಹೆಚ್ಚುತ್ತದೆ. ಕೈಯಾಸರೆಯ ಗಟ್ಟಿ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ನಿಧಾನವಾಗಿ ಎದ್ದು ಕೂರುವುದು ಅವರಿಗೆ ಒಳ್ಳೆಯ ಆರಂಭ.

ಅಯ್ಯರ್ ಅವರಿಂದ ಕಲಿತವರಲ್ಲಿ ರಮೇಶ ಬಾಲ್ಸೇಕರ್ ಒಬ್ಬರು. ಮುಂದೆ ಬ್ಯಾಂಕ್ ಆಫ್ ಇಂಡಿಯಾದ ಉನ್ನತ ಹುದ್ದೆಗೇರಿ, ನಿವೃತ್ತಿಯ ನಂತರ ಅದ್ವೈತದ ಗುರುವಾಗಿ ಹೆಸರಾದವರು. ಅಯ್ಯರ್ ಅವರ ಗೆಳೆತನ ಇದ್ದದ್ದು ಟಿ.ಪಿ. ಕೈಲಾಸಂ ಜೊತೆ. ಅವರ ಬಗ್ಗೆ ನೆನಪುಗಳನ್ನು ಬರೆದರು, ರವಿ ಕಲಾವಿದರು ಎಂಬ ಹವ್ಯಾಸಿ ನಾಟಕ ತಂಡ ಕಟ್ಟಿದರು, ಕಾದಂಬರಿ ಬರೆದರು. ‘ರೂಪದರ್ಶಿ’ಯಲ್ಲಿ ಒಬ್ಬ ಚಿತ್ರಕಾರ ಬಾಲ ಏಸುವಿನ ಚಿತ್ರಕ್ಕೆ ಮುದ್ದಾದ ಹುಡುಗನೊಬ್ಬನನ್ನು ಕೂರಿಸುತ್ತಾನೆ. ಎಷ್ಟೋ ವರ್ಷದ ಮೇಲೆ ದ್ರೋಹಿ ಜೂದಾಸನ ಚಿತ್ರಕ್ಕೆ ಸಿಕ್ಕ ಕೆಟ್ಟ ಮುಖದವನೂ ಅದೇ ಹುಡುಗ. ಬದುಕು ಮೈಯ ಮೇಲೆ, ಮುಖದ ಮೇಲೆ ಬರೆಯುವುದನ್ನು ದಿನವೂ ಹತ್ತಿರದಿಂದ ನೋಡುತ್ತಿದ್ದ ವ್ಯಾಯಾಮದ ಗುರುವಿಗೆ ಈ ಕಥೆ ಯಾಕೆ ಹಿಡಿಸಿತು ಎಂದು ಊಹಿಸುವುದು ಕಷ್ಟವಲ್ಲ. ಮೈ ಬೆಳೆಸಿದವರ ತಲೆ ಬೆಳೆಯುವುದಿಲ್ಲ ಎಂಬ ಫಾರ್ವರ್ಡ್‌ಗೆ ನಾವು ಬೇರೆ ಉತ್ತರ ಹುಡುಕುವುದಿಲ್ಲ.

ಎತ್ತರದ ವಿಷಯವನ್ನೂ ಇಲ್ಲೇ ಮುಗಿಸೋಣ. ತಿಳಿದವರ ಕಣ್ಗಾವಲಿನಲ್ಲಿ, ಹಗುರ ತೂಕದಿಂದ ಮಾಡುವ ವ್ಯಾಯಾಮ ಮಕ್ಕಳ ಎತ್ತರವನ್ನು ತಡೆಯುತ್ತದೆ ಎನ್ನಲು ಪುರಾವೆ ಇಲ್ಲ. ಎತ್ತರ ಕುಂಠಿತವಾಗಲು ದೊಡ್ಡ ಕಾರಣ ಅಪೌಷ್ಟಿಕತೆ. ಆ ಸಂಕಟ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಹೊಸದೇನಲ್ಲ, ಅದರ ಬಗ್ಗೆ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಮಾಲರಿಗೆ ಕೊಡುವ ಸಲಹೆಯಲ್ಲೂ ಒಂದು ತಿದ್ದುಪಡಿ ಬೇಕು. ಬೆನ್ನು ಬಗ್ಗಿಸಬೇಡ, ಮೊಣಕಾಲು ಬಗ್ಗಿಸಿ ಎತ್ತು ಎಂದು ಎಲ್ಲ ಪೋಸ್ಟರುಗಳೂ ಹೇಳುತ್ತವೆ. ಈ ಒಂದೇ ನಿಯಮದಿಂದ ಟೊಂಕ ನೋವು ತಪ್ಪುತ್ತದೆ ಎಂದು ಸಂಶೋಧನೆಗಳು ಖಚಿತಪಡಿಸಿಲ್ಲ. ಐವತ್ತು ಕೆ.ಜಿ. ಚೀಲ ಎರಡು ಮೊಣಕಾಲಿನ ನಡುವೆ ಹಿಡಿಸುವುದಿಲ್ಲ. ಮೊಣಕಾಲ ಮುಂದೆ ಇಟ್ಟುಕೊಂಡು ಕೂತು ಎತ್ತಿದರೆ ಭಾರ ಮೈಯಿಂದ ದೂರವಾಗಿ ಟೊಂಕಕ್ಕೆ ಇನ್ನೂ ಹೆಚ್ಚು ಹೊರೆ. ಭಾರ ಮೈಗೆ ಎಷ್ಟು ಹತ್ತಿರ, ನೆಲದಿಂದ ಎಷ್ಟು ಎತ್ತರದಲ್ಲಿ ಕೈಗೆ ಸಿಗುತ್ತದೆ, ಎತ್ತುವಾಗ ಸೊಂಟ ತಿರುಚುತ್ತಿದೆಯೇ, ದಿನಕ್ಕೆ ಎಷ್ಟು ಸಲ ಎತ್ತಬೇಕು ಎಂಬುವೇ ಹೆಚ್ಚು ಲೆಕ್ಕಕ್ಕೆ ಬರುತ್ತವೆ. ಚೀಲ ನೆಲದ ಮೇಲಲ್ಲದೆ ಟೊಂಕದೆತ್ತರದ ಕಟ್ಟೆಯ ಮೇಲೆ ಇದ್ದರೆ, ಇಬ್ಬರು ಹಿಡಿದು ಮೂರನೆಯವನ ಬೆನ್ನಿಗೆ ಏರಿಸಿದರೆ ಅರ್ಧ ಕಷ್ಟ ಅಲ್ಲೇ ತಪ್ಪುತ್ತದೆ. ಇದು ಹಮಾಲರ ಕೈಯಲ್ಲಿರುವುದಲ್ಲ, ಮಾರುಕಟ್ಟೆಯ ಕಟ್ಟೆ ಕಟ್ಟಿಸುವವರ ಕೈಯಲ್ಲಿರುವುದು. ಜಾತ್ರೆಯಲ್ಲಿ ಗುಂಡು ಎತ್ತುವ ಪಳಗಿದವರನ್ನು ಗಮನಿಸಿ: ಕಲ್ಲನ್ನು ಮೊದಲು ತೊಡೆಗೆ ತಂದು, ತಬ್ಬಿ, ಎದೆಗೆ ಒತ್ತಿಕೊಂಡು ಆಮೇಲೆ ಏಳುತ್ತಾರೆ. ಭಾರ ಮೈಗೆ ಹತ್ತಿರವಿರಬೇಕು ಎಂಬ ನಿಯಮ ಅವರಿಗೆ ಯಾವ ಪೋಸ್ಟರೂ ಕಲಿಸಿದ್ದಲ್ಲ.

ಅಯ್ಯರ್ ತೀರಿಕೊಂಡದ್ದು 1980ರಲ್ಲಿ, ಎಂಬತ್ತು ದಾಟಿದ ಮೇಲೆ. ವ್ಯಾಯಾಮ ಮಾಡಿದ್ದರಿಂದಲೇ ಅಷ್ಟು ಬದುಕಿದರು ಎಂದು ನಾವು ಬರೆಯುವುದಿಲ್ಲ. ಒಬ್ಬರ ಆಯುಷ್ಯ ಯಾವುದಕ್ಕೂ ಪುರಾವೆಯಾಗುವುದಿಲ್ಲ, ಅವರ ಫೋಟೊ ಹಾಕಿ ಯಾರಾದರೂ ಹಾಗೆ ಫಾರ್ವರ್ಡ್ ಕಳಿಸಿದರೆ ಅದನ್ನೂ ಪರಿಶೀಲಿಸಬೇಕಾಗುತ್ತದೆ. ಅವರ ವ್ಯಾಯಾಮದ ಪುಸ್ತಕಗಳನ್ನು ಇಂದು ಹುಡುಕಿ ಓದುವವರು ಹೆಚ್ಚಾಗಿ ಯೋಗದ ಇತಿಹಾಸ ಬರೆಯುವ ಸಂಶೋಧಕರು. ಕಾದಂಬರಿಗಳನ್ನು ಮಾತ್ರ ಕನ್ನಡ ಓದುಗರು ಮರೆತಿಲ್ಲ.